ಉಪವಾಸದ ದಿನದ ಗುಳಿಗೆ

ಮರೆವು ಅಷ್ಟೇನೂ ಕೆಟ್ಟದ್ದಲ್ಲ. ಮರೆತವನು ಮರೆತದ್ದನ್ನೂ ಮರೆತು ಉಂಡು ಮಲಗುತ್ತಾನೆ. ನನ್ನದು ಬೇರೆ ರೋಗ. ನನಗೆ ಎಲ್ಲ ನೆನಪಿರುತ್ತದೆ. ನೆನಪಿದ್ದದ್ದು ಖರೆಯೋ ಸುಳ್ಳೋ ಎಂಬ ಅನುಮಾನವೂ ಜೊತೆಗೇ ಇರುತ್ತದೆ. ಧಾರವಾಡದಲ್ಲಿ ತತ್ತ್ವಶಾಸ್ತ್ರದ ಎಂ.ಎ. ಮಾಡಿ ಸಂಪಾದಿಸಿದ್ದು ಇದೊಂದೇ. ನೌಕರಿಗಾಗಿ ಅಲೆದು ದಣಿದು ಈಗ ಜಮಖಂಡಿಯಲ್ಲಿ ಆಂಬುಲೆನ್ಸ್ ಕೆಲಸದ ತರಬೇತಿಗೆ ಸೇರಿದ್ದೇನೆ. ಪ್ರತಿ ಪಾಠಕ್ಕೂ ನಾನು "ಯಾಕ್ರೀ?" ಅನ್ನುವುದನ್ನು ಕೇಳಿ ಬೇಸತ್ತ ಸರ್ ಒಮ್ಮೆ ಹೇಳಿದರು: "ನೀವು ಯಾಕ ಅನ್ನೂದ್ರಾಗ ಪೇಷಂಟ್ ಹೋಗಿರ್ತಾನ್ರಿ. ಮೊದಲ ಉಸಿರ ನೋಡ್ರಿ, ಆಮ್ಯಾಲ ತತ್ತ್ವ ನೋಡೂಣು."

ಪರೀಕ್ಷೆಯ ಹಿಂದಿನ ದಿನ ಶ್ರಾವಣ ಸೋಮವಾರ. ಹೆಂಡತಿಯ ಜೊತೆ ಬನಹಟ್ಟಿಗೆ, ಮಾವನ ಮನೆಗೆ ಹೋಗಿದ್ದೆ. ಮಗ್ಗದ ಸದ್ದಿನಲ್ಲೇ ಹುಟ್ಟಿ, ಅದರಲ್ಲೇ ಜಗಳಾಡಿ, ಅದರಲ್ಲೇ ಗೊರಕೆ ಹೊಡೆಯುವ ಮನೆ ಅದು. ಮಧ್ಯಾಹ್ನ ಮಾವ ಪವರ್‌ಲೂಮಿನ ಬದಿ ಕುಳಿತು ಹರಿದ ಎಳೆ ಕಟ್ಟುತ್ತಿದ್ದರು. ಕಟ್ಟುತ್ತಿದ್ದರು ಅನ್ನುವುದೂ ತಪ್ಪು, ಕೈ ಎಳೆಯನ್ನು ಬಿಟ್ಟು ಗಾಳಿಯನ್ನು ಹಿಡಿಯುತ್ತಿತ್ತು. ಅಂಗಿ ಬೆವರಿನಿಂದ ತೊಯ್ದಿತ್ತು. ಹತ್ತಿರ ಹೋದರೆ, ಗುರುತಿಲ್ಲದ ವ್ಯಾಪಾರಿಗೆ ಅನ್ನುವಂತೆ "ನೂಲ ಬ್ಯಾಡ, ಹೋಗ್ರಿ" ಅಂದರು.

ಹೆಂಡತಿಯನ್ನೂ ಅತ್ತೆಯನ್ನೂ ಕರೆತಂದು, ಅತ್ತೆಯ ಕಿವಿಯ ಹತ್ತಿರ ಚೀರಿ ಕೇಳಿದೆ, "ಮುಂಜಾನಿಂದ ಏನ ತಿಂದಾರ್ರಿ?"

"ಸೋಮಾರ ಉಪಾಸಲ್ರಿ ಅಳ್ಯಾರ. ಬರೇ ನೀರು."

"ಸಕ್ಕರಿ ಬ್ಯಾನಿ ಗುಳಗಿ?"

"ಅದನ್ನ ಹ್ಯಾಂಗ ಬಿಡ್ತಾರ್ರಿ? ಉಪಾಸ ಅನ್ನಕ್ಕ, ಗುಳಗಿಗಲ್ಲ."

ರಕ್ತದಲ್ಲಿ ಸಕ್ಕರೆ ಇಳಿದಿದೆ ಎಂದು ಪಾಠ ಹೇಳಿತು. ನಿಜವೇ ಎಂದು ಎಂ.ಎ. ಕೇಳಿತು. ಬೆವರು ಬರುವುದು ಇಳಿದರೋ, ಏರಿದರೋ? ಎಚ್ಚರವಿದ್ದು ನುಂಗಬಲ್ಲವರಿಗೆ ಸಿಹಿ ಕೊಡಿ, ಎಚ್ಚರ ತಪ್ಪಿದವರ ಬಾಯಿಗೆ ಏನೂ ಹಾಕಬೇಡಿ ಎಂದು ಸರ್ ಹೇಳಿದ್ದರೋ, ನಾನೇ ಹಾಗೆ ಕಲ್ಪಿಸಿಕೊಂಡಿದ್ದೆನೋ? ಅಷ್ಟರಲ್ಲಿ ಮಾವನ ಕತ್ತು ವಾಲಿತು. ಭುಜ ತಟ್ಟಿ ಕರೆದೆ. ಅವರು ಓಗೊಟ್ಟರೋ ಇಲ್ಲವೋ, ಆ ಸದ್ದಿನಲ್ಲಿ ಶಿವನಿಗೂ ಕೇಳಿಸುವಂತಿರಲಿಲ್ಲ. ಹೆಂಡತಿಗೆ ಅವರನ್ನು ಹಿಡಿದುಕೊಳ್ಳಲು ಹೇಳಿ, ಓಡಿ ಹೋಗಿ ಮಗ್ಗಗಳ ಮೇನ್ ಸ್ವಿಚ್ ಆರಿಸಿದೆ.

ಮನೆಯೆಲ್ಲ ಗಪ್ಪಾಯಿತು. ಮಾವ ಕಣ್ಣು ತೆರೆದರು. "ಮಗ್ಗ... ಯಾಕ ನಿಂತಾವು?"

ಇಷ್ಟು ಎಚ್ಚರ ಸಾಕಿತ್ತು. "ಬೆಲ್ಲದ ನೀರು ತರ್ರಿ" ಅಂದೆ.

"ಸಕ್ಕರಿ ಬ್ಯಾನಿಯವರಿಗೆ ಬೆಲ್ಲಾ? ನಿಮ್ಮ ಸಾಲ್ಯಾಗ ಇದನ್ನ ಕಲಸ್ತಾರೇನ್ರಿ?" ಅಂದರು ಅತ್ತೆ. ನನಗೂ ಅದೇ ಪ್ರಶ್ನೆ ಇತ್ತು.

ಹೆಂಡತಿ ನನ್ನ ಮುಖ ನೋಡಿದಳು. "ನಿಮಗ ಬರೋಬರಿ ನೆನಪೈತಿಲ್ಲೋ?"

"ಐತಿ" ಅಂದೆ. ಇಷ್ಟು ಗಟ್ಟಿಯಾಗಿ ನಾನು ಎಂದೂ ಸುಳ್ಳು ಹೇಳಿರಲಿಲ್ಲ.

ಅವಳು ಬೆಲ್ಲ ಕರಗಿಸಿ ತಂದಳು. ನಾನು ಆಂಬುಲೆನ್ಸಿಗೆ ಫೋನ್ ಮಾಡಿ, ಮಾವನನ್ನು ನೆಟ್ಟಗೆ ಕೂರಿಸಿ ಗುಟುಕು ಗುಟುಕಾಗಿ ಕುಡಿಸಿದೆ. ಪ್ರತಿ ಗುಟುಕು ಗಂಟಲಿಳಿಯುವಾಗ ನನ್ನ ಜೀವ ಮೇಲೇರುತ್ತಿತ್ತು. ಕೊನೆಗೆ ಮಾವ ನನ್ನ ಗುರುತು ಹಿಡಿದರು. ಹಿಡಿದದ್ದೇ ತಡ, "ಉಪಾಸ ಮುರದ ಬಿಟ್ಟೆಲ್ಲೋ ಮಾರಾಯಾ" ಅಂದರು. ಆಂಬುಲೆನ್ಸಿನವರು ಬಂದು ಬೆರಳು ಚುಚ್ಚಿ ನೋಡಿ, ಸಕ್ಕರೆ ಈಗಲೂ ಕಡಿಮೆಯೇ ಇದೆ ಎಂದು ಆಸ್ಪತ್ರೆಗೆ ಕರೆದೊಯ್ದರು. ಮಾವ ಎರಡು ದಿನಕ್ಕೆ ಮನೆಗೆ ಬಂದರು. ಈಗ ಉಪವಾಸಕ್ಕೆ ಮೊದಲು ಡಾಕ್ಟರನ್ನು ಕೇಳುತ್ತಾರೆ, ನನ್ನನ್ನಲ್ಲ.

ಆ ಸೋಮವಾರದ ಮರುದಿನ ಪರೀಕ್ಷೆಯಲ್ಲಿ ಸರ್ ಕೇಳಿದರು: "ಪೇಷಂಟ್ ಕುಸಿದು ಕುಂತಾನ. ಮೊದಲ ಏನ ಮಾಡ್ತೀರಿ?"

"ಮಗ್ಗ ಬಂದ್ ಮಾಡ್ತೇನ್ರಿ."

ಎಲ್ಲರೂ ನಕ್ಕರು. ಸರ್ ಮಾತ್ರ ನಗದೆ, ಅಂದು ಮೊದಲ ಬಾರಿಗೆ ನನ್ನನ್ನೇ ಕೇಳಿದರು, "ಯಾಕ್ರೀ?"

ಕಾರಣ ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿತ್ತು ಅಂತಲೇ ನನ್ನ ನೆನಪು.