ಉಡಿಯಕ್ಕಿ ಕಟ್ಟಿಕೊಂಡು ಓಡಿದ ಮ್ಯಾರಥಾನ್

ಪದಕ ಬರುವ ಮುಂಚೆಯೇ ಅದನ್ನು ತೂಗುಹಾಕುವ ಮೊಳೆಯನ್ನು ನಾನು ಗೋಡೆಗೆ ಹೊಡೆಸಿದ್ದೆ. ಟಿವಿಯ ಮೇಲೆ, ಸೋಫಾದಲ್ಲಿ ಕುಳಿತವರ ಕಣ್ಣು ಬಿದ್ದೇ ಬೀಳುವ ಜಾಗದಲ್ಲಿ. ಸುತ್ತಿಗೆ ಹಿಡಿದ ನಮ್ಮ ಯಜಮಾನರು ದೇವದುರ್ಗದವರು. ಮಾತು ಕಡಿಮೆ, ಆಡಿದರೆ ನೆಟ್ಟಗೆ ತಾಗುತ್ತದೆ.

"ಮೊದ್ಲು ಓಡಿ ಬಾ ಶಾರದಾ," ಎಂದರು. "ಮೊಳಿ ಎಲ್ಲೂ ಓಡಿ ಹೋಗಂಗಿಲ್ಲ."

"ನೀವು ಹೊಡೀರಿ. ಪದಕ ತರೋದು ನನ್ನ ಕೆಲಸ," ಎಂದೆ.

ಈ ಆತ್ಮವಿಶ್ವಾಸಕ್ಕೆ ಕಾರಣವಿತ್ತು. ಮಾನ್ವಿಯಲ್ಲಿ ನಡೆಯಲಿದ್ದದ್ದು ಹತ್ತು ಕಿಲೋಮೀಟರ್ ಓಟ. ನಮ್ಮ ಕಡೆ ಬಸ್ಸಿನ ಹಿಂದೆ ಓಡುವುದಕ್ಕಿಂತ ಹೆಚ್ಚು ದೂರ ಓಡಿದರೆ ಅದಕ್ಕೆಲ್ಲ ಮ್ಯಾರಥಾನ್ ಎಂದೇ ಹೆಸರು. ಗೆಲ್ಲಬೇಕಿರಲಿಲ್ಲ, ಸ್ವಂತ ಕಾಲ ಮೇಲೆ ಗೆರೆ ದಾಟಿದವರಿಗೆಲ್ಲ ಪದಕ. ಶಾಲೆಯಲ್ಲಿ ನಾನು ಓಡಿದ್ದು ಚಮಚ-ನಿಂಬೆಹಣ್ಣಿನ ಓಟ ಒಂದೇ. ಅದರಲ್ಲೂ ನಿಂಬೆಹಣ್ಣು ನನಗಿಂತ ಮುಂದೆ ಉರುಳಿ ಹೋಗಿತ್ತು. ಅಂದಿನಿಂದ, ರಾಯಚೂರಿನ ಹತ್ತಿ ಮಿಲ್ಲಿನ ಆಫೀಸಿನಲ್ಲಿ ಕೂದಲು ನೆರೆಯುವವರೆಗೆ, ನನ್ನ ಕೊರಳಿಗೆ ತಾಳಿ ಬಿಟ್ಟರೆ ಯಾರೂ ಏನೂ ಹಾಕಿರಲಿಲ್ಲ. ಆ ಪದಕ ನನಗೆ ಬೇಕೇ ಬೇಕಿತ್ತು.

ಪಕ್ಕದ ಮನೆಯ ಶಮೀಮಳೂ ಹೆಸರು ಕೊಟ್ಟಳು. ದಿನಾ ಬೆಳಗ್ಗೆ ಇಬ್ಬರೂ ಮೈದಾನ ಸುತ್ತಿದೆವು. ಅವಳು ಬುರ್ಖಾದ ಕೆಳಗೆ ಬೂಟು ಹಾಕಿಕೊಂಡು ಸುಮ್ಮನೆ ಓಡುತ್ತಿದ್ದಳು. ನಾನು ಓಟದ ಬಗ್ಗೆ ಮಾತಾಡುತ್ತ ಓಡುತ್ತಿದ್ದೆ.

"ಶಾರದಕ್ಕ, ಬಾಯಿ ಬಂದ್ ಮಾಡ್ರಿ, ಕಾಲು ಚಾಲೂ ಮಾಡ್ರಿ," ಎನ್ನುತ್ತಿದ್ದಳು.

ಆ ಮಾತು ಕೇಳಿದ್ದರೆ ಮುಂದಿನ ಅನಾಹುತ ಆಗುತ್ತಲೇ ಇರಲಿಲ್ಲ. ಮಾನ್ವಿ ನನ್ನ ತವರು. ಅಲ್ಲಿರುವ ದೊಡ್ಡವ್ವನಿಗೆ ನಾನೇ ಫೋನು ಮಾಡಿ, "ನಿಮ್ಮ ಮನಿ ಮುಂದನ ಓಡಿ ಹೋಗ್ತೀನಿ, ನೋಡಾಕ ನಿಂದ್ರು," ಎಂದು ಹೇಳಿಬಿಟ್ಟೆ. ದೊಡ್ಡವ್ವ ಬರೀ ನಿಲ್ಲುವವಳಲ್ಲ.

ಓಟದ ದಿನ ಮೈಯೆಲ್ಲ ಪುಳಕ. ಸೀಟಿ ಊದಿದ್ದೇ ತಡ, ಕಾಲೇಜು ಹುಡುಗರನ್ನೂ ಹಿಂದೆ ಹಾಕಿ ನುಗ್ಗಿದೆ. ಊರು ದಾಟುವಷ್ಟರಲ್ಲಿ ಅವರೆಲ್ಲ ಒಬ್ಬೊಬ್ಬರಾಗಿ ನನ್ನನ್ನು ದಾಟಿ ಹೋದರು. ಶಮೀಮಳೂ ಹೋದಳು. ಪಕ್ಕದ ನೀರಮಾನ್ವಿ ಹಳ್ಳಿಯ ಕಡೆಗೆ ಹೋಗಿ, ಅರ್ಧ ದಾರಿಯಲ್ಲಿ ತಿರುಗಿ ಮತ್ತೆ ಊರೊಳಗೆ ಬರಬೇಕಿತ್ತು. ತಿರುಗುವ ಹೊತ್ತಿಗೆ ಬಿಸಿಲು ಏರಿತ್ತು. ಬೆಳಗಿನ ಹೊತ್ತು ಎಂಬ ದಾಕ್ಷಿಣ್ಯ ನಮ್ಮ ಕಡೆಯ ಬಿಸಿಲಿಗೆ ಇಲ್ಲ. ಗಂಟಲು ಒಣಗಿತು, ಪಕ್ಕೆ ಹಿಡಿಯಿತು. ಎಡಗಾಲು ರಾಜೀನಾಮೆ ಸಲ್ಲಿಸಿತು, ಬಲಗಾಲು ಅದನ್ನು ಸರ್ವಾನುಮತದಿಂದ ಅನುಮೋದಿಸಿತು. ಆಗ ಗೋಡೆಯ ಖಾಲಿ ಮೊಳೆಯನ್ನು ನೆನೆದೆ. ಅದು ಕಣ್ಣ ಮುಂದೆ ಬಂದಂತೆಲ್ಲ ಇನ್ನೊಂದು ಹೆಜ್ಜೆ, ಮತ್ತೊಂದು ಹೆಜ್ಜೆ. ಹೀಗೆ ಏದುಸಿರು ಬಿಡುತ್ತಲೇ ಊರೊಳಗೆ ಬಂದು ದೊಡ್ಡವ್ವನ ಓಣಿಗೆ ತಿರುಗಿದೆ. ಮುಗಿಸಿಯೇ ಮುಗಿಸುತ್ತೇನೆ ಎಂದು ಆಗ ಮೊದಲ ಸಲ ನಿಜವಾಗಿ ಅನ್ನಿಸಿತು. ಕುಣಿಯುವಷ್ಟು ಖುಷಿಯಾಯಿತು.

ಓಣಿಯ ನಟ್ಟನಡುವೆ ಒಂದು ಮಣೆ ಇತ್ತು. ಮಣೆಯ ಹಿಂದೆ ತಾಟು ಹಿಡಿದು ದೊಡ್ಡವ್ವ ನಿಂತಿದ್ದಳು. ತಾಟಿನಲ್ಲಿ ಅಕ್ಕಿ, ತೆಂಗಿನಕಾಯಿ, ಬೆಲ್ಲ, ಎಲೆ ಅಡಿಕೆ, ಕುಪ್ಪಸದ ಖಣ.

"ಕುಂದರವ್ವ, ಉಡಿ ತುಂಬ್ತೀನಿ."

"ದೊಡ್ಡವ್ವ, ನಾ ಓಡಾಕತ್ತೀನಿ."

"ಓಡು, ಯಾರು ಬ್ಯಾಡ ಅಂದಾರ? ಕುಂತು ಓಡು."

"ಟೈಮ್ ಆಗ್ತದ. ಸಂಜಿಗೆ ಬರ್ತೀನಿ."

"ತವರುಮನಿ ಮುಂದ ಹಾದು ಹೋಗೋ ಮಗಳು ಬರೇ ಉಡೀಲೆ ಹೋದ್ರ ಓಣ್ಯಾಗಿನ ಮಂದಿ ನನಗೇನಂತಾರ? ನಿಮ್ಮವ್ವ ಇದ್ದಿದ್ರ ಬಿಡ್ತಿದ್ಲೇನು?"

ಅವ್ವ ತೀರಿಕೊಂಡ ಮೇಲೆ ಮಾನ್ವಿಯಲ್ಲಿ ನನ್ನ ಉಡಿ ತುಂಬುವವಳು ದೊಡ್ಡವ್ವ ಒಬ್ಬಳೇ. ಕುಳಿತೆ.

ಕುಳಿತದ್ದು ಪರಮಸುಖವಾಗಿತ್ತು ಎಂಬುದನ್ನು ಇಲ್ಲಿ ದಾಖಲಿಸಬೇಕು. ಏಳುವುದು ಬೇರೆ ವಿಷಯ. ಟೀ ಶರ್ಟಿಗೆ ಸೆರಗು ಇಲ್ಲವಲ್ಲ, ದೊಡ್ಡವ್ವ ಒಂದು ಟವೆಲನ್ನೇ ನನ್ನ ಸೊಂಟಕ್ಕೆ ಕಟ್ಟಿ ಅದರಲ್ಲಿ ಎಲ್ಲವನ್ನೂ ತುಂಬಿದಳು. ಹಣೆಗೆ ಧಾರಾಳವಾಗಿ ಅರಿಶಿನ ಕುಂಕುಮ ಬಳಿದಳು. ಓಣಿಯ ಇಬ್ಬರು ಹೆಂಗಸರು ರಟ್ಟೆ ಹಿಡಿದು ಎಬ್ಬಿಸಿದರು.

"ಉಡಿ ನೆಲಕ್ಕ ಇಡಬ್ಯಾಡ, ಯಾರ ಕೈಯಾಗೂ ಕೊಡಬ್ಯಾಡ. ಮನಿಗೆ ಹೋಗಿ ದೇವರ ಮುಂದ ಬಿಚ್ಚು," ಎಂದು ದೊಡ್ಡವ್ವ ಕಟ್ಟಪ್ಪಣೆ ಮಾಡಿದಳು.

ಹೀಗೆ ಕ್ರೀಡಾ ಇತಿಹಾಸದಲ್ಲಿ ಪ್ರಾಯಶಃ ಮೊದಲ ಬಾರಿಗೆ, ಎರಡೂ ಕೈಯಲ್ಲಿ ಉಡಿ ಹಿಡಿದ ಓಟಗಾರ್ತಿಯೊಬ್ಬಳು ರಸ್ತೆಗಿಳಿದಳು. ಹೆಜ್ಜೆಗೊಮ್ಮೆ ಕಾಯಿ ಹೊಟ್ಟೆಗೆ ಗುದ್ದುತ್ತಿತ್ತು. ಟವೆಲಿನ ಅಂಚಿನಿಂದ ಅಕ್ಕಿ ಸೋರತೊಡಗಿತು. ಅಷ್ಟರಲ್ಲಿ ಹಿಂದಿನಿಂದ ಯಾರೋ ಓಡಿ ಬರುವ ಸದ್ದು. ಕೊನೆಗೂ ಯಾರನ್ನೋ ಹಿಂದೆ ಹಾಕಿದ್ದೇನೆ ಎಂದು ಹಿಗ್ಗಿ ತಿರುಗಿದೆ. ಎರಡು ಆಡುಗಳು! ಅಕ್ಕಿ ಮುಕ್ಕುತ್ತ, ಉಡಿಯ ಎಲೆಯ ಮೇಲೆ ಕಣ್ಣಿಟ್ಟು ಬರುತ್ತಿದ್ದವು. ಅಂಗಡಿಗಳ ಮುಂದೆ ನಿಂತವರು ಚಪ್ಪಾಳೆ ತಟ್ಟಿದರು. ನನಗೋ ಆಡುಗಳಿಗೋ ತಿಳಿಯಲಿಲ್ಲ. ಆದರೂ ಆ ಚಪ್ಪಾಳೆಗೆ ಕಾಲಲ್ಲಿ ಎಲ್ಲಿಂದಲೋ ಬಲ ಬಂತು. ಆಡುಗಳಿಗಾದರೂ ಸೋಲಬಾರದೆಂಬ ಛಲವೂ ಸೇರಿಕೊಂಡಿತು.

ದೂರದಲ್ಲಿ ಓಟ ಮುಗಿಯುವ ಕಮಾನು ಕಂಡಿತು. ಅದರ ಕೆಳಗೆ ಯಜಮಾನರು ಮೊಬೈಲು ಎತ್ತಿ ಹಿಡಿದು ವಿಡಿಯೊ ಮಾಡಲು ಸಿದ್ಧರಾಗಿ ನಿಂತಿದ್ದರು. ನನ್ನ ಕಣ್ಣು ತುಂಬಿ ಬಂತು. ಹಣೆಯ ಕುಂಕುಮ ಬೆವರಿಗೆ ಕರಗಿ ಮುಖವಿಡೀ ಇಳಿಯುತ್ತಿತ್ತು ಎಂಬುದು ಮಾತ್ರ ನನಗೆ ಗೊತ್ತಿರಲಿಲ್ಲ.

ರಸ್ತೆ ಬದಿಯ ಆಂಬುಲೆನ್ಸಿನಿಂದ ಒಬ್ಬ ಜಿಗಿದು ಬಂದ. "ಅಕ್ಕಾರ, ತಲಿ ಒಡದದ, ನಿಂದರ್ರಿ."

ಅದು ಕುಂಕುಮ ಎನ್ನಲು ಬಾಯಿ ತೆರೆದೆ. ಉಸಿರು ಬಂತು, ಮಾತು ಬರಲಿಲ್ಲ. ನನ್ನ ಜೀವನದಲ್ಲಿ ಅದೇ ಮೊದಲು. ಉಡಿ ತುಂಬುವಾಗ ಹಚ್ಚಿದ್ದು ಎಂದು ತಿಳಿಸಲು ಉಡಿಯ ಕಾಯಿಯ ಕಡೆ ಗದ್ದ ತೋರಿಸಿ, ಆಮೇಲೆ ಹಣೆಯ ಕಡೆ ಕಣ್ಣು ಹೊರಳಿಸಿದೆ.

"ಕಾಯಿ ತಲಿಗೆ ಬಡದದಂತ, ಸ್ಟ್ರೆಚರ್ ತಾರೋ," ಎಂದು ಅವನು ಕೂಗಿದ.

ಎರಡೂ ಕೈ ಉಡಿಯಲ್ಲಿದ್ದವು. ಉಡಿ ಬಿಟ್ಟು ಅವನನ್ನು ತಳ್ಳಿ ಓಡಿದ್ದರೆ ಗೆರೆ ದಾಟಬಹುದಿತ್ತು. ಬಿಡಲು ಕೈ ಬರಲಿಲ್ಲ. ನನ್ನನ್ನು ಮಲಗಿಸಿದರು, ಬಾಗಿಲು ಹಾಕಿದರು. ಆಸ್ಪತ್ರೆ ಇದ್ದದ್ದು ಕಮಾನಿನ ಆಚೆಗೆ. ಸೈರನ್ ಹೊಡೆಸಿಕೊಂಡು, ಅಂಗಾತ ಮಲಗಿ, ಹೊಟ್ಟೆಯ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ನಾನು ಗೆರೆ ದಾಟಿದೆ. ಅವತ್ತು ನನ್ನಷ್ಟು ವೇಗವಾಗಿ ದಾಟಿದವರು ಬೇರೆ ಯಾರೂ ಇಲ್ಲ. ಆದರೆ ನಿಯಮ ನಿಯಮವೇ. ನಾನು ದಾಟಿದ್ದು ಗಾಲಿಯ ಮೇಲೆ.

ಆ ವಿಡಿಯೊ ಈಗಲೂ ಇದೆ. ಅದರಲ್ಲಿ ಆಂಬುಲೆನ್ಸ್ ಹಾದು ಹೋಗುತ್ತದೆ. "ಪಾಪ, ಯಾರ ಮನಿಯವರೋ ಏನೋ," ಎಂಬ ಯಜಮಾನರ ದನಿ ಕೇಳುತ್ತದೆ. ಆಮೇಲೆ ಬಹಳ ಹೊತ್ತು ಖಾಲಿ ರಸ್ತೆ. ಕೊನೆಗೆ ಎರಡು ಆಡುಗಳು ಗೆರೆ ದಾಟುತ್ತವೆ, ಸ್ವಂತ ಕಾಲ ಮೇಲೆ.

ಆಸ್ಪತ್ರೆಯಲ್ಲಿ ನರ್ಸಮ್ಮ ಹತ್ತಿಯಿಂದ ಒರೆಸಿ ಒರೆಸಿ ಗಾಯ ಹುಡುಕಿದಳು. ಸಿಕ್ಕಿದ್ದು ಅರಿಶಿನ. ಅವಳು ನಕ್ಕ ನಗೆಗೆ ಪಕ್ಕದ ಹಾಸಿಗೆಯ ರೋಗಿ ಎದ್ದು ಕುಳಿತ. ಅಷ್ಟರಲ್ಲಿ ಸುದ್ದಿ ಕೇಳಿ ಶಮೀಮ ಕೊರಳಲ್ಲಿ ಪದಕ ಹಾಕಿಕೊಂಡೇ ಓಡಿ ಬಂದಳು. ನನ್ನ ಮುಖ ನೋಡಿ, ಅದನ್ನು ತೆಗೆದು ನನ್ನ ಕೊರಳಿಗೆ ಹಾಕಲು ಬಂದಳು.

"ಬ್ಯಾಡ ಶಮೀಮ, ಅದು ನಿಂದು," ಎಂದೆ. ದೊಡ್ಡ ಮನಸ್ಸಿನಿಂದಲೇ ಹೇಳಿದೆ, ಆದರೆ ಕಣ್ಣು ಪದಕದ ಮೇಲೇ ಇತ್ತು.

"ಆ ಕಾಯಿ ಒಗದು ಓಡಬೇಕಿತ್ತಲ್ರಿ ಅಕ್ಕ?"

"ಹೆಂಗ ಒಗೀಲಿ? ದೊಡ್ಡವ್ವ ತುಂಬಿದ್ದು."

ಶಮೀಮ ಸಡಿಲವಾಗಿದ್ದ ಟವೆಲಿನ ಗಂಟನ್ನು ಇನ್ನಷ್ಟು ಬಿಗಿದು ಕಟ್ಟಿದಳು.

ಮನೆಗೆ ಬಂದು ದೇವರ ಮುಂದೆ ಉಡಿ ಬಿಚ್ಚಿದೆ. ಒಂದು ಮುಷ್ಟಿ ಅಕ್ಕಿ ಉಳಿದಿತ್ತು. ಕಾಯಿ ಒಡೆಯಲು ಮನಸ್ಸಾಗಲಿಲ್ಲ. ಯಜಮಾನರು ಅದರ ಜುಟ್ಟಿಗೆ ದಾರ ಕಟ್ಟಿ, ಟಿವಿಯ ಮೇಲಿನ ಮೊಳೆಗೆ ನೇತುಹಾಕಿದರು.

ಈಗ ಮನೆಗೆ ಬಂದವರೆಲ್ಲ ಅದನ್ನು ನೋಡಿ, "ದೃಷ್ಟಿಗೆ ಕಟ್ಟೀರೇನ್ರಿ?" ಎಂದು ಕೇಳುತ್ತಾರೆ.

"ಇಲ್ರಿ, ನಮ್ಮಾಕಿಗೆ ಮ್ಯಾರಥಾನ್‌ನಾಗ ಬಂದದ್ದು," ಎನ್ನುತ್ತ ಯಜಮಾನರು ವಿಡಿಯೊ ತೋರಿಸಲು ಮೊಬೈಲು ಹೊರತೆಗೆಯುತ್ತಾರೆ.

ಅಷ್ಟರಲ್ಲಿ ನಾನು ಚಹಾ ಮಾಡುವ ನೆಪದಲ್ಲಿ ಅಡುಗೆಮನೆಗೆ ಓಡಿರುತ್ತೇನೆ. ಆ ಓಟವನ್ನು ಮಾತ್ರ ಪ್ರತಿ ಸಲವೂ ಸ್ವಂತ ಕಾಲ ಮೇಲೆ ಮುಗಿಸಿದ್ದೇನೆ.