ಹಿಂದೆ ಹಿಂದೆ ನಡೆಯದ ಅತ್ತೆ

ನಮ್ಮ ಅತ್ತೆಗೆ ಹಿಂದೆ ಹಿಂದೆ ನಡೆಯಲು ಕಲಿಸಿದವಳು ನಾನೇ ಎಂಬ ಸುದ್ದಿ ಜಮಖಂಡಿಯಲ್ಲಿ ಚಾಲ್ತಿಯಲ್ಲಿದೆ. ಕಾಲೇಜಿನಲ್ಲಿ ಹಾಗೆ ಹೇಳುತ್ತಾರೆ, ಓಣಿಯಲ್ಲಿ ಹಾಗೆ ಹೇಳುತ್ತಾರೆ. ಉಪ್ಪು ಬೇಕೆಂದರೂ ಕೈಸನ್ನೆ ಮಾಡುವ ನಮ್ಮ ಅಪ್ಪ ಕೂಡ ಚಹಾದಂಗಡಿಯಲ್ಲಿ ಕುಳಿತು, "ನನ್ನ ಮಗಳು ನನ್ನ ತಂಗೀನ ಹಾದಿಗೆ ತಂದ್ಳು" ಎಂದನಂತೆ. ಕೇಳಲು ಚೆನ್ನಾಗಿದೆ. ಹೊಗಳಿಕೆ ಯಾರಿಗೆ ಬೇಡ? ಆದರೆ ನಾನು ಚರ್ಚಾಸ್ಪರ್ಧೆಯ ಹುಡುಗಿ. ಪುರಾವೆ ಇಲ್ಲದ ಮಾತು ನನ್ನ ಪರವಾಗಿಯೇ ಇದ್ದರೂ ಅದನ್ನು ಸುಮ್ಮನೆ ಬಿಡುವವಳಲ್ಲ. ಅತ್ತೆಯನ್ನು ಹಾದಿಗೆ ತರುವುದು ಎಂದರೇನು? ಚಿಕ್ಕಪಡಸಲಗಿಯಲ್ಲಿ ರೈತರೇ ಕೂಡಿ ಬ್ಯಾರೇಜು ಕಟ್ಟಿ ಕೃಷ್ಣೆಯನ್ನು ನಿಲ್ಲಿಸಿದ್ದು ನಿಜ. ನಮ್ಮ ಅತ್ತೆಗೆ ಅಡ್ಡವಾಗಿ ಮಾತ್ರ ಇದುವರೆಗೆ ಯಾರೂ ಏನನ್ನೂ ಕಟ್ಟಿಲ್ಲ.

ಅತ್ತೆ ಎಂದರೆ ಅಪ್ಪನ ಒಬ್ಬಳೇ ತಂಗಿ. ಸಾವಳಗಿಗೆ ಕೊಟ್ಟಿದ್ದಾರೆ. ಮಕ್ಕಳ ಮದುವೆ ಮುಗಿಸಿದ ಮರುವರ್ಷ, "ಇನ್ನ ನನ್ನ ಪಾಳಿ" ಎಂದು ಖಾಸಗಿಯಾಗಿ ಪಿಯುಸಿ ಪರೀಕ್ಷೆಗೆ ಕುಳಿತು ಪಾಸಾಗಿ, ನಲವತ್ತು ದಾಟಿದ ಮೇಲೆ ನಮ್ಮದೇ ಮಹಿಳಾ ಕಾಲೇಜಿಗೆ ಬಿ.ಎ. ಸೇರಿದಳು. ವಾರವೆಲ್ಲ ನಮ್ಮ ಮನೆ, ರವಿವಾರ ಸಾವಳಗಿ ಬಸ್ಸು. ಗಂಡನನ್ನು ಒಂದು ಮಾತು ಕೇಳಿದ್ದೀಯಾ ಎಂದು ಅಪ್ಪ ವಿಚಾರಿಸಿದರೆ ಬಂದ ಉತ್ತರ ಇದು:

"ಕೇಳೇನಿ. ‘ನಾ ಬ್ಯಾಡ ಅಂದ್ರ ಬಿಡ್ತಿ ಏನ?’ ಅಂದ. ‘ಇಲ್ಲ’ ಅಂದ್ನಿ. ‘ಹಂಗಾರ ಹೋಗಿ ಬಾ’ ಅಂದ. ಶಾಣ್ಯಾ ಅದಾನ."

ನಾನು ಕೊನೆಯ ವರ್ಷ, ಅವಳು ಮೊದಲ ವರ್ಷ. ಮೊದಲ ದಿನ ಹಾಜರಿ ಕರೆಯುವಾಗ ಉಳಿದವರೆಲ್ಲ ‘ಪ್ರೆಸೆಂಟ್ ಸರ್’ ಎಂದರೆ ಅತ್ತೆ ಎದ್ದು ನಿಂತು, "ಅದೀನ್ರಿ ಸರ. ನೀವು ಆರಾಮ ಅದೀರಿಲ್ಲ?" ಎಂದಳಂತೆ. ಅಂದಿನಿಂದ ಇಡೀ ಕಾಲೇಜಿಗೆ ಅವಳು ‘ಅತ್ತಿ’. ಹುಡುಗಿಯರಿಗೆ ಅತ್ತಿ, ಜವಾನರಿಗೆ ಅತ್ತಿ, ಅವಳಿಗಿಂತ ಚಿಕ್ಕವರಾದ ಉಪನ್ಯಾಸಕರಿಗೆ ‘ಅತ್ತಿಯಾರ’. ನಾನು ಗೆಳತಿಯರ ನಡುವೆ ಗಂಭೀರವಾಗಿ ಸಂವಿಧಾನದ ಬಗ್ಗೆ ಮಾತಾಡುತ್ತಿದ್ದರೆ ಮೈದಾನದ ಆಚೆಯಿಂದ, "ಲೇ, ತಲಿಗೆ ಎಣ್ಣಿ ಹಚಗೊಂಡಿಲ್ಲ ನೋಡ ಇವತ್ತ" ಎಂಬ ಕೂಗು ಬರುತ್ತಿತ್ತು. ಒಂದು ಕಾಲೇಜು ಜೀವನ ಹಾಳಾಗಲು ಇನ್ನೇನು ಬೇಕು ಹೇಳಿ?

ಬೇಕಾಗಿತ್ತು. ಬಾಲ್‌ರೂಂ ಡ್ಯಾನ್ಸ್ ಬೇಕಾಗಿತ್ತು.

ಜಮಖಂಡಿಗೆ ಬಾಲ್‌ರೂಂ ಡ್ಯಾನ್ಸ್ ಕಲಾಪ್ರೇಮದಿಂದ ಬಂದದ್ದಲ್ಲ, ದೈಹಿಕ ಶಿಕ್ಷಣದ ಸರ್ ಹಾಕಿದ ಲೆಕ್ಕದಿಂದ ಬಂದದ್ದು. ಬನಹಟ್ಟಿಯ ಕಾಲೇಜೊಂದರಲ್ಲಿ ನಡೆಯುವ ಯುವಜನೋತ್ಸವದಲ್ಲಿ ‘ಪಾಶ್ಚಾತ್ಯ ಜೋಡಿ ನೃತ್ಯ’ ಎಂಬ ಹೊಸ ವಿಭಾಗ ಸೇರಿಸಿದ್ದರು. ಸರ್ ನಮ್ಮನ್ನೆಲ್ಲ ಕೂಡಿಸಿ ವಿವರಿಸಿದರು. "ಜಾನಪದಕ್ಕ ಎಲ್ಲಾ ಕಾಲೇಜಿನವ್ರೂ ಮುಗಿಬೀಳ್ತಾರ. ಇದಕ್ಕ ಬಂದ್ರ ಮೂರ ಟೀಮ ಬರ್ತಾವ. ನಾವು ಬಿದ್ದ್ರೂ ಮೂರನೇ ಬಹುಮಾನ ಎಲ್ಲಿ ಹೋಗ್ತೈತಿ?" ಇಷ್ಟು ಪ್ರಾಮಾಣಿಕವಾದ ಕಲಾಸೇವೆಯನ್ನು ನಾನು ಇನ್ನೆಲ್ಲೂ ಕಂಡಿಲ್ಲ. ಸರ್ ಮೂಲತಃ ಕಬಡ್ಡಿಯವರು. ವಾಲ್ಟ್ಸ್ ಎಂಬ ಮೂರು ಎಣಿಕೆಯ ಕುಣಿತವನ್ನು ಫೋನಿನಲ್ಲಿ ನೋಡಿ ಕಲಿತಿದ್ದರು, ನಮಗೆ ಸೀಟಿ ಊದಿ ಕಲಿಸಿದರು. ಹೆಣ್ಣುಮಕ್ಕಳ ಕಾಲೇಜಾದ್ದರಿಂದ ನಾಲ್ಕು ಜೋಡಿಯಲ್ಲಿ ನಾಲ್ವರು ಹುಡುಗಿಯರೇ ಗಂಡಿನ ಪಾತ್ರ ಮಾಡಬೇಕು.

ಅತ್ತೆ ತಾನಾಗಿ ಎದ್ದು ಹೋಗಿ ಹೆಸರು ಕೊಟ್ಟಳು. ಸಾಲದೆಂದು ತನ್ನ ಜೋಡಿಗೆ ನನ್ನ ಹೆಸರನ್ನೂ ಕೊಟ್ಟಳು.

"ನನ್ನ ಕೇಳದ ಯಾಕ ಕೊಟ್ಟಿ?"

"ಗುರ್ತಿಲ್ಲದವ್ರ ಕೈ ನಾ ಹೆಂಗ ಹಿಡೀಲಿ ಬೇ?"

"ಅವತ್ತ ನಂದು ಡಿಬೇಟ್ ಐತಿ ಅತ್ತಿ."

"ಅದು ಮುಂಜಾನಿ, ಇದು ಮಧ್ಯಾಹ್ನ. ಹೆಂಗೂ ಬಸ್ಸಿನ್ಯಾಗ ಕುಂತ ಬಂದಿರ್ತಿ. ಹೊಳ್ಳಿ ಬರೂತನಕಾ ಖಾಲಿ ಕುಂತ ಏನ ಮಾಡ್ತಿ?"

ಮುಧೋಳ, ಬೀಳಗಿ, ರಬಕವಿ ಎನ್ನದೆ ಎಲ್ಲ ವೇದಿಕೆಗಳಿಂದ ಪಾರಿತೋಷಕ ಹೊತ್ತು ತಂದವಳು ನಾನು. ಈ ವಾದಕ್ಕೆ ಸೋತು ಅಭ್ಯಾಸಕ್ಕೆ ಹೋದೆ.

ಮೊದಲ ಅಭ್ಯಾಸದ ದಿನ ಸರ್ ಸೀಟಿ ಊದಿ, ಗಂಡಿನ ಪಾತ್ರದವರು ಎಡಗಾಲು ಮುಂದಿಡಿ, ಹೆಣ್ಣಿನ ಪಾತ್ರದವರು ಬಲಗಾಲು ಹಿಂದಿಡಿ ಎಂದರು. ಮೂರು ಜೋಡಿ ಸರಿದವು. ನಾನು ಮುಂದೆ ಹೆಜ್ಜೆಯಿಟ್ಟೆ, ಅದು ನೇರವಾಗಿ ಅತ್ತೆಯ ಕಾಲ ಮೇಲೆ ಬಿತ್ತು. ಅವಳು ಅಲ್ಲಾಡಿರಲಿಲ್ಲ.

"ಅತ್ತಿಯಾರ, ಹಿಂದ ಸರೀಬೇಕ್ರಿ ನೀವು," ಎಂದರು ಸರ್.

"ಯಾಕ್ರಿ ಸರ?"

"ನಿಯಮ ಐತ್ರಿ. ಹೆಣ್ಣಿನ ಪಾತ್ರದವ್ರು ಹಿಂದ ಹಿಂದ ನಡೀಬೇಕು."

"ನಾ ಹಿಂದ ಹಿಂದ ನಡಿಯೂದು ಒಂದ ಕಡೆ ನೋಡ್ರಿ. ಬೀರಪ್ಪನ ಗುಡಿಯಾಗ. ಕಾಯಿ ಒಡಸಿ ಹೊರಗ ಬರೂ ಮುಂದ ದೇವರಿಗೆ ಬೆನ್ನ ತೋರಸಬಾರದಂತ ಹೊಸ್ತಲಾ ದಾಟೂತನಕಾ ಹಿಂದ ಹಿಂದ ಬರ್ತೀನಿ. ಮತ್ತ ಯಾರ ಮುಂದೂ ಇಲ್ಲ." ನನ್ನನ್ನು ಮೇಲಿನಿಂದ ಕೆಳಗಿನವರೆಗೆ ಒಮ್ಮೆ ನೋಡಿದಳು. "ಇಕಿ ಏನ ಬೀರಪ್ಪೇನ್ರಿ?"

ತಂಡ ಬಿದ್ದು ಬಿದ್ದು ನಕ್ಕಿತು. ಸರ್ ಸೀಟಿಯನ್ನು ಬಾಯಲ್ಲಿಟ್ಟುಕೊಂಡೇ ನಕ್ಕದ್ದರಿಂದ ಅದೂ ಪೀಪೀ ಎಂದು ನಕ್ಕಿತು.

ನಾನು ಬಿಡುತ್ತೇನೆಯೇ? ವಾದಕ್ಕಿಳಿದೆ. ಪಾತ್ರ ಬೇರೆ, ವ್ಯಕ್ತಿ ಬೇರೆ ಎಂದೆ. ಹಿಂದೆ ಸರಿಯುವುದು ಸೋಲಲ್ಲ, ನಂಬಿಕೆ ಎಂದೆ. ಮುಂದೆ ಬರುವವರು ಇಬ್ಬರ ಪರವಾಗಿಯೂ ಹಾದಿ ನೋಡುತ್ತಾರೆ, ಹಿಂದೆ ಸರಿಯುವವರಿಗೆ ಆ ಚಿಂತೆಯೇ ಇಲ್ಲ ಎಂದೆ. ನಿರ್ಣಾಯಕರಿದ್ದರೆ ಎದ್ದು ಚಪ್ಪಾಳೆ ತಟ್ಟುತ್ತಿದ್ದರು. ಅತ್ತೆ ನನ್ನ ಕಾಲರಿಗೆ ಅಂಟಿದ್ದ ದಾರದ ಎಳೆಯೊಂದನ್ನು ಕೀಳುತ್ತ ಎಲ್ಲವನ್ನೂ ಕೇಳಿಸಿಕೊಂಡಳು.

"ಛಲೋ ಮಾತಾಡ್ತಿ. ಹಂಗಾರ ನೀ ಹಿಂದ ನಡಿ. ಹಾದಿ ನಾ ನೋಡ್ತೀನಿ."

ನಾನು ಹಿಂದೆ ನಡೆದೆ. ಗಂಡಿನ ಪಾತ್ರದವಳು ಹಿಂದೆ, ಹೆಣ್ಣಿನ ಪಾತ್ರದವಳು ಮುಂದೆ. ಇದರಿಂದ ಆದದ್ದೇನೆಂದರೆ, ಮೂರು ಜೋಡಿ ಒಂದು ದಿಕ್ಕಿಗೆ ಹೊರಟರೆ ನಾವು ಅವರ ಎದುರಿಗೆ ಬರುತ್ತಿದ್ದೆವು. ಕಬ್ಬಿನ ಹಂಗಾಮಿನಲ್ಲಿ ಸಾವಳಗಿ ರಸ್ತೆಯಲ್ಲಿ ಎರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರು ಎದುರಾದರೆ ಬೈಕಿನವರು ಏನು ಮಾಡುತ್ತಾರೆ? ಹೊಲಕ್ಕಿಳಿಯುತ್ತಾರೆ. ಉಳಿದ ಜೋಡಿಗಳೂ ಹಾಗೆಯೇ ಗೋಡೆಗೆ ಅಂಟಿ ನಿಂತು ನಮಗೆ ದಾರಿ ಬಿಟ್ಟವು. "ನೋಡ್ರಿ ಸರ, ಮುಂದ ನಡದ್ರ ಹೆಂಗ ದಾರಿ ಆಗ್ತೈತಿ," ಎಂದಳು ಅತ್ತೆ.

ಮನೆಗೆ ಬಂದರೂ ಬಿಡುಗಡೆಯಿರಲಿಲ್ಲ. ಹಿತ್ತಲಲ್ಲಿ ಅವಳ ಏಕಾಂಗಿ ಅಭ್ಯಾಸ. ಎಡಗೈ ಕಾಣದ ಜೋಡಿಯ ಹೆಗಲ ಮೇಲೆ, ಬಲಗೈ ಗಾಳಿಯಲ್ಲಿ, ಕಣ್ಣು ಮುಚ್ಚಿ, "ಒಂದ, ಎಲ್ಡ, ಮೂರ" ಎಂದು ತೂಗುತ್ತ ತಿರುಗುತ್ತಿದ್ದಳು. ಗೋಡೆಯಾಚೆಯ ಮನೆಯ ಕಾಕು ಇದನ್ನು ನೋಡಿ, ಮೈಮೇಲೆ ದೇವರು ಬಂದಿದೆ ಎಂದೇ ತಿಳಿದು, ಭಂಡಾರದ, ಎಂದರೆ ದೇವರ ಅರಿಶಿನದ, ಬಟ್ಟಲು ಹಿಡಿದು ಓಡಿ ಬಂದಳು. ಅತ್ತೆಯ ಹಣೆಗೆ ಭಂಡಾರ ಬಳಿದು ಕಾಲಿಗೆ ಬಿದ್ದಳು.

"ಯಪ್ಪಾ, ನನ್ನ ಮಗಳ ಕಾಲೇಜ ಬಿಡಿಸಿ ಕುಂಡ್ರಿಸೇನಿ. ಒಂದ ಛಲೋ ವರ ಎಂದ ಸಿಗ್ತೈತಿ ಹೇಳು."

ಅತ್ತೆ ಕಣ್ಣು ತೆರೆಯಲಿಲ್ಲ. ತಿರುಗುವುದನ್ನೂ ನಿಲ್ಲಿಸಲಿಲ್ಲ.

"ಮೊದಲ ಆಕಿ ಬಿ.ಎ. ಮುಗಸಲಿ. ಎಲ್ಡ, ಮೂರ."

ಮರುವಾರವೇ ಕಾಕು ಮಗಳನ್ನು ಕರೆತಂದು ಮತ್ತೆ ಕಾಲೇಜಿಗೆ ಬಿಟ್ಟಳು. ಕೇಳಿದವರಿಗೆಲ್ಲ "ದೇವರ ಹೇಳಿಕಿ ಆಗೈತಿ" ಎನ್ನುತ್ತಾಳೆ. ಮೂಢನಂಬಿಕೆಯ ವಿರುದ್ಧ ಮಾತಾಡಿ ಗೆದ್ದ ಪಾರಿತೋಷಕಗಳು ಕಪಾಟಿನಲ್ಲಿ ಕುಳಿತಿರುವ ಮನೆಯಲ್ಲಿ ನಡೆದ ಘಟನೆ ಇದು. ನಾನು ಯಾವುದನ್ನು ಖಂಡಿಸಲಿ?

ಆದರೆ ಸರ್ ದೇವರ ಹೇಳಿಕೆಗೆ ಬಗ್ಗುವವರಲ್ಲ. ಉತ್ಸವ ಹತ್ತಿರ ಬಂದಾಗ ಅವರ ತಾಳ್ಮೆ ಮುಗಿಯಿತು. "ಅತ್ತಿಯಾರ, ಸಿಟ್ಟಾಗಬ್ಯಾಡ್ರಿ. ಬದಲಿ ಹುಡುಗೀನ ತಯಾರ ಇಟ್ಟೇನಿ. ಬನಹಟ್ಟಿಯಾಗ ಸ್ಟೇಜ ಹತ್ತೂ ಮೊದಲ ಒಮ್ಮೆ ಹಿಂದ ನಡದ ತೋರಸ್ರಿ. ಇಲ್ಲಂದ್ರ ಆಕೀನ ಹತ್ತಸ್ತೀನಿ."

ಆ ಸಂಜೆ ಮನೆಗೆ ಬರುವಾಗ ಅತ್ತೆ ನನ್ನ ತಲೆಯ ಎಣ್ಣೆಯನ್ನೂ ವಿಚಾರಿಸಲಿಲ್ಲ.

"ಇದರ ಸಂಬಂಧ ಎದಕ್ಕ ಇಷ್ಟ ವಿಚಾರ ಮಾಡ್ತಿ? ಬಿಟ್ಟಬಿಡು," ಎಂದೆ.

"ಸಾಲಿಗೆ ನನ್ನ ಹೆಸರ ಹಚ್ಚಿದವ ನಮ್ಮಪ್ಪ. ಹತ್ತನೇತ್ತೆ ಆಗಿಂದ ತಗಿಸಿದವನೂ ಅವನ. ಮದುವಿಗೆ ಹ್ಞೂಂ ಅಂದವ ನಿಮ್ಮಪ್ಪ. ಕಾಲೇಜಿಗೂ ಅವನ ಬಂದು ಅರ್ಜಿ ತುಂಬಿದ. ಇದೊಂದಕ್ಕ ನಾನ ಎದ್ದ ಹೋಗಿ ನನ್ನ ಬಾಯಿಲೆ ನನ್ನ ಹೆಸರ ಹೇಳೇನಿ. ಹೆಂಗ ಬಿಡ್ಲಿ?"

"ಹಂಗಾರ ಹಿಂದ ನಡಿ."

"ಅದೂ ಆಗಂಗಿಲ್ಲ."

ಇಂಥವರ ಜೊತೆ ಯಾವ ಮಂಡನೆ, ಯಾವ ಖಂಡನೆ?

ಬನಹಟ್ಟಿಗೆ ಹೋದೆವು. ಬದಲಿ ಹುಡುಗಿ ನಮ್ಮ ಹಿಂದಿನ ಸೀಟಿನಲ್ಲೇ ಕುಳಿತಿದ್ದಳು. ಅವಳಿಗೂ ಅತ್ತೆಯೇ ಶೇಂಗಾ ಹೋಳಿಗೆ ಕೊಟ್ಟಳು. ಮುಂಜಾನೆ ನನ್ನ ಚರ್ಚಾಸ್ಪರ್ಧೆ. ‘ಸಂಪ್ರದಾಯ ಹೆಣ್ಣಿನ ಪ್ರಗತಿಗೆ ಅಡ್ಡಿ’ ಎಂಬ ವಿಷಯಕ್ಕೆ ನಾನು ಪರ. ಅತ್ತೆ ನನ್ನ ಮಾತು ಕೇಳಲು ಮೊದಲ ಸಲ ಬಂದಿದ್ದಳು. ಮೂರನೆಯ ಸಾಲಿನಲ್ಲಿ ಊಟದ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಳು. ನಾನು ಚೆನ್ನಾಗಿಯೇ ಶುರು ಮಾಡಿದೆ. ಪ್ರಶ್ನೆಯ ಸಮಯದಲ್ಲಿ ಎದುರಾಳಿ ಹುಡುಗ ಎದ್ದು ನಿಂತು ಮೆಲ್ಲಗೆ ಕೇಳಿದ: "ಪುಸ್ತಕದ ಮಾತು ಸಾಕು. ನಿಮ್ಮ ಮನೆಯದೇ ಒಂದು ಉದಾಹರಣೆ ಕೊಡಿ."

ಉದಾಹರಣೆ ಮೂರನೆಯ ಸಾಲಿನಲ್ಲಿ ಕುಳಿತು ನನ್ನನ್ನೇ ನೋಡುತ್ತಿತ್ತು. ಹೇಳಿದ್ದರೆ ಗೆಲ್ಲುತ್ತಿದ್ದೆ, ಅನುಮಾನವೇ ಇಲ್ಲ. ಬಾಯಿ ಬಿಟ್ಟೆ. ಆ ಡಬ್ಬಿ ಕಂಡಿತು. ಅವಳ ಬದುಕನ್ನು ಅಷ್ಟು ಜನರ ಮುಂದೆ ಎತ್ತಿ ಹಿಡಿದು ಪಾರಿತೋಷಕ ತೆಗೆದುಕೊಳ್ಳಲು ನನ್ನ ನಾಲಿಗೆ ಹೊರಳಲಿಲ್ಲ. "ಉದಾಹರಣೆ ಇಲ್ಲ" ಎಂದೆ. ಸಭೆ ನಕ್ಕಿತು. ಗಂಟೆ ಬಾರಿಸಿದರು.

ಇದಾದ ಮೇಲೆ ನಾನು ಕೋಟು ಹಾಕಿಕೊಳ್ಳಬೇಕಿತ್ತು. ಎಂಥ ಕೋಟು? ಬಾಡಿಗೆಗೆ ಸೂಟು ಸಿಗದೆ ಸರ್ ಮದುವೆ ಬ್ಯಾಂಡಿನವರ ಕೋಟು ತಂದಿದ್ದರು. ಕೆಂಪು ಬಟ್ಟೆ, ಹೆಗಲ ಮೇಲೆ ಬಂಗಾರದ ಬಣ್ಣದ ಗೊಂಡೆ. ಸಭಾಭವನದ ಹಿಂದಿನ ಪಡಸಾಲೆಯಲ್ಲಿ ಸೋತ ಮುಖ ಹೊತ್ತು ನಿಂತಿದ್ದರೆ ಯಾರೋ ಹಿರಿಯರು ಬಂದು, "ತಂಗಿ, ನಿಮ್ಮ ಪಾರ್ಟಿ ಲಗ್ನಕ್ಕ ಬರ್ತೈತೇನ?" ಎಂದು ವಿಚಾರಿಸಿದರು. ಗಾಯದ ಮೇಲೆ ಗೊಂಡೆ.

"ನಾ ಸ್ಟೇಜ ಹತ್ತಂಗಿಲ್ಲ ಅತ್ತಿ," ಎಂದೆ. ಅತ್ತೆ ಡಬ್ಬಿ ತೆರೆದು, ರೊಟ್ಟಿಯ ತುಂಡಿಗೆ ಚಟ್ನಿ ಹಚ್ಚಿ ನನ್ನ ಬಾಯಿಗಿಟ್ಟಳು.

ಅಷ್ಟರಲ್ಲಿ ಸರ್ ಬಂದರು. "ಬರ್ರಿ ಅತ್ತಿಯಾರ. ಕೊನೀ ಸಲ." ಬದಲಿ ಹುಡುಗಿ ಗೌನಿಗೆ ಪಿನ್ನು ಹಾಕಿಕೊಳ್ಳುತ್ತಿದ್ದಳು. ಅತ್ತೆಗೆ ಗೌನು ಒಗ್ಗಿರಲಿಲ್ಲ. ಉಟ್ಟದ್ದು ಇಳಕಲ್ ಸೀರೆ. ಕೈ ಒರೆಸಿಕೊಂಡು ಬಂದು ಎಡಗೈಯನ್ನು ನನ್ನ ಗೊಂಡೆಯ ಮೇಲಿಟ್ಟಳು, ಬಲಗೈಯನ್ನು ನನ್ನ ಕೈಗೆ ಕೊಟ್ಟಳು. ರೂಢಿಯಂತೆ ನಾನು ಹಿಂದೆ ಹೆಜ್ಜೆ ಇಡಲು ಕಾಲೆತ್ತಿದೆ. ಅವಳು ಹಿಡಿದು ನಿಲ್ಲಿಸಿದಳು.

"ನೀ ಮುಂದ ಬಾ."

ಹಿಂದೆ ಸರಿದಳು. ಒಂದು ಸಲವೂ ತಡವರಿಸಲಿಲ್ಲ, ಒಂದು ಸಲವೂ ತಿರುಗಿ ನೋಡಲಿಲ್ಲ. ಕಣ್ಣು ನನ್ನ ಮುಖದ ಮೇಲಿತ್ತು. ಆ ನೋಟ ನನಗೆ ಗೊತ್ತು. ಚಿಕ್ಕಂದಿನಲ್ಲಿ ಅವಳ ಸೆರಗು ಹಿಡಿದು ಬೀರಪ್ಪನ ಗುಡಿಯಿಂದ ಎಷ್ಟೋ ಸಲ ಹೀಗೆಯೇ ಹಿಂದೆ ಹಿಂದೆ ಬಂದಿದ್ದೇನೆ. ಪಡಸಾಲೆಯ ಕೊನೆಗೆ ಮೆಟ್ಟಿಲಿತ್ತು. ಅವಳಿಗೆ ಕಾಣುವಂತಿರಲಿಲ್ಲ, ನನಗೆ ಕಾಣುತ್ತಿತ್ತು. ಅವಳನ್ನು ತಿರುಗಿಸಿಕೊಂಡು ಮತ್ತೆ ಮುಂದೆ ಬಂದೆ. ಸರ್ ಸೀಟಿ ಊದುವುದನ್ನು ಮರೆತು ನಿಂತಿದ್ದರು.

ವೇದಿಕೆಯ ಮೇಲೂ ಹಾಗೆಯೇ ನಡೆದಳು. ಬಂದದ್ದು ಮೂರೇ ತಂಡ. ಸರ್ ಹೇಳಿದಂತೆ ಮೂರನೆಯ ಬಹುಮಾನ ಎಲ್ಲಿಗೂ ಹೋಗಲಿಲ್ಲ.

ಈಗ ಸರ್ ತಮ್ಮ ಶಿಸ್ತಿನ ಫಲ ಎನ್ನುತ್ತಾರೆ, ಕಾಕು ದೇವರ ಇಚ್ಛೆ ಎನ್ನುತ್ತಾಳೆ, ಅಪ್ಪ ನನ್ನ ಹೆಸರು ಹೇಳುತ್ತಾನೆ. ನಾನು ಎಲ್ಲವನ್ನೂ ತೂಗಿ ನೋಡಿದ್ದೇನೆ. ತಂಡದಲ್ಲಿ ಹೆಸರು ಉಳಿಸಿಕೊಳ್ಳಲು ನಡೆದಳು ಎನ್ನೋಣವೇ? ಹಾಗಿದ್ದರೆ ಅಭ್ಯಾಸದಲ್ಲೇ ನಡೆಯಬಹುದಿತ್ತು, ಇಷ್ಟು ದಿನ ಎಲ್ಲರನ್ನೂ ಕಾಡುವ ಕಾರಣವೇನಿತ್ತು? ಸೋತವಳೆಂದು ನನ್ನ ಮೇಲಿನ ಕನಿಕರ ಎನ್ನೋಣವೇ? ಆ ನೋಟದಲ್ಲಿ ಕನಿಕರ ಇರಲಿಲ್ಲ. ತಿರುಗಿ ಬರುವಾಗ ಬಸ್ಸಿನಲ್ಲಿ ಕೇಳಬೇಕೆಂದಿದ್ದೆ. ಅವಳು ನನ್ನ ಹೆಗಲಿಗೆ ತಲೆಯಿಟ್ಟು ನಿದ್ದೆಹೋಗಿದ್ದಳು, ಕೋಟಿನ ಗೊಂಡೆ ಅವಳ ಉಸಿರಿಗೆ ಅಲ್ಲಾಡುತ್ತಿತ್ತು. ಆಮೇಲೆ ಕೇಳಿದಾಗಲೆಲ್ಲ "ಚಾ ಆರಾಕತ್ತೈತಿ, ಕುಡಿ" ಎಂದು ಎದ್ದು ಹೋಗುತ್ತಾಳೆ. ಅದಕ್ಕೇ ಇಲ್ಲಿ, ಎಲ್ಲರ ಮುಂದೆ ಕೇಳುತ್ತಿದ್ದೇನೆ.

ಅತ್ತಿ, ಖರೆ ಹೇಳು. ಆವತ್ತ ಆ ಪಡಸಾಲ್ಯಾಗ ನೀ ಹಿಂದ ಹಿಂದ ನಡದಿ. ನಿನ್ನ ಮುಂದ ಯಾರ ನಿಂತಿದ್ರು?