ನನ್ನ ಮಗಳ ಕಥೆಯಲ್ಲಿ ನಾನು ಸತ್ತದ್ದು

ಕಥೆ ಕಾದಂಬರಿಗಳಲ್ಲಿ ಬರುವ ತಂದೆತಾಯಿಗಳಿಗೆ ಯಾವ ವಿಮಾ ಕಂಪನಿಯೂ ಪಾಲಿಸಿ ಕೊಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಇದನ್ನು ಕಾದಂಬರಿ ಓದುವ ಹುಚ್ಚಿನವಳಾಗಿ ಮಾತ್ರ ಹೇಳುತ್ತಿಲ್ಲ, ವಿಮಾ ಕಚೇರಿಯ ಮರಣ ಕ್ಲೇಮು ವಿಭಾಗದಲ್ಲಿ ಕೂದಲು ಬೆಳ್ಳಗೆ ಮಾಡಿಕೊಂಡವಳಾಗಿಯೂ ಹೇಳುತ್ತಿದ್ದೇನೆ. ಮೊದಲ ಅಧ್ಯಾಯ ಮುಗಿಯುವುದರೊಳಗೆ ಇಬ್ಬರಲ್ಲಿ ಒಬ್ಬರು ಹೋಗಿರುತ್ತಾರೆ, ಉಳಿದೊಬ್ಬರು ಕೆಮ್ಮುತ್ತಿರುತ್ತಾರೆ. ಬದುಕಿದ್ದರೂ ಮಕ್ಕಳ ಮೇಲೆ ಅವರಿಂದಾಗುವ ಪರಿಣಾಮ ಲೆಕ್ಕಕ್ಕೆ ಸಿಗುವುದಿಲ್ಲ. ಅಪ್ಪ ಕುಡುಕನಾದರೆ ಮಗ ಜಿಲ್ಲಾಧಿಕಾರಿಯಾಗುತ್ತಾನೆ. ಅಮ್ಮ ಮುದ್ದು ಮಾಡಿದರೆ ಅದೇ ಮಗ ಇಸ್ಪೀಟಾಡಿ ಹಾಳಾಗುತ್ತಾನೆ. ಮಲತಾಯಿಯ ಕೈಯಲ್ಲಿ ಸೌಟಿನೇಟು ತಿಂದ ಹುಡುಗಿ ಚಿನ್ನದಂಥ ಸೊಸೆಯಾಗುತ್ತಾಳೆ. ಬೆಳಿಗ್ಗೆ ಡಬ್ಬಿ ಕಟ್ಟಿ, ಸಂಜೆ ಹೋಂವರ್ಕ್ ನೋಡಿ, ಆಯುಷ್ಯ ಪೂರ್ತಿ ಗಟ್ಟಿಮುಟ್ಟಾಗಿ ಬದುಕಿರುವ ತಾಯಿಯ ಮಕ್ಕಳು ಏನಾಗುತ್ತಾರೆ ಎಂದು ಬರೆದವರು ಮಾತ್ರ ನನಗೆ ಸಿಕ್ಕಿಲ್ಲ. ಅಂಥ ತಾಯಿಯಿಂದ ಕಥೆ ಹುಟ್ಟುವುದಿಲ್ಲವೇನೋ ಎಂದುಕೊಂಡು ನಾನೂ ಸುಮ್ಮನಿದ್ದೆ, ನನ್ನ ಮಗಳು ಏಳನೆಯ ಕ್ಲಾಸಿಗೆ ಬರುವವರೆಗೆ.

ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ನಾವು ಜೀವನ್ ಬಿಮಾ ನಗರದಲ್ಲಿದ್ದೆವು. ನಮ್ಮವರಿಗೆ ವಿಮಾನ ಕಾರ್ಖಾನೆಯಲ್ಲಿ ಕೆಲಸ. ಅವರು ದಿನವಿಡೀ ಹಾರುವ ಯಂತ್ರಗಳ ನಡುವೆ ಇದ್ದು ನೆಮ್ಮದಿಯಾಗಿ ಮನೆಗೆ ಬರುತ್ತಿದ್ದರು. ನಾನು ದಿನವಿಡೀ ಕಾಗದಗಳ ನಡುವೆ ಇದ್ದು ಹೆದರಿಕೊಂಡು ಬರುತ್ತಿದ್ದೆ. ಯಾಕೆಂದರೆ ನನ್ನ ಮೇಜಿನ ಮೇಲಿನ ಪ್ರತಿ ಫೈಲಿನಲ್ಲೂ ಮನೆಯವರ ಹೇಳಿಕೆ ಎಂಬ ಒಂದು ಹಾಳೆ ಇರುತ್ತಿತ್ತು, ಅದರಲ್ಲಿ ಸತ್ತವರು ಕೊನೆಯದಾಗಿ ಏನು ಮಾಡುತ್ತಿದ್ದರು ಎಂದು ಬರೆದಿರುತ್ತಿತ್ತು. ಹಾಲು ತರಲು ಹೋದರು. ಮಗುವಿಗೆ ಪೆನ್ಸಿಲು ತರಲು ಹೋದರು. ಬಸ್ಸಿನ ಹಿಂದಿನ ಬಾಗಿಲಲ್ಲಿ ನಿಂತಿದ್ದರು. ಹೆಚ್ಚುಕಡಿಮೆ ಎಲ್ಲರೂ 'ಈಗ ಬಂದೆ' ಎಂದು ಹೇಳಿಯೇ ಹೋಗಿದ್ದರು. ಹೀಗಾಗಿ ನಮ್ಮ ಮನೆಯಲ್ಲಿ ಯಾರೂ ಆ ಮಾತು ಆಡುವಂತಿರಲಿಲ್ಲ. ನಮ್ಮವರು ಬೀಡಾ ಅಂಗಡಿಗೆ ಹೊರಟರೂ "ತುಂಬಾ ಹೊತ್ತಾಗುತ್ತೆ ಕಣೇ" ಎಂದು ಹೇಳಿ, ಎರಡು ನಿಮಿಷದಲ್ಲಿ ವಾಪಸ್ಸು ಬರುತ್ತಿದ್ದರು.

ಶ್ರುತಿ ನಮಗೆ ಒಬ್ಬಳೇ ಮಗಳು. ಅವಳ ಬಾಲ್ಯದಲ್ಲಿ ಏನೇನು ಇರಲಿಲ್ಲ ಎಂದು ಹೇಳುವುದೇ ಸುಲಭ. ಸ್ಕೂಲ್ ಟೂರ್ ಇರಲಿಲ್ಲ, ಬಸ್ಸು ಉರುಳಿದ ಫೈಲು ನೋಡಿದ್ದೆ. ಹಲಸೂರು ಕೆರೆಯಲ್ಲಿ ದೋಣಿ ಇರಲಿಲ್ಲ, ಕಾರಣ ಹೇಳಬೇಕಿಲ್ಲ. ಗೆಳತಿಯ ಮನೆಯ ಮಹಡಿ ಇರಲಿಲ್ಲ. ನಮ್ಮವರು ಹಟ ಹಿಡಿದು ಅವಳಿಗೆ ಒಂದು ಸೈಕಲ್ ತಂದರು. ನಾನು ಅದನ್ನು ವರಾಂಡದಲ್ಲಿ ಸ್ಟ್ಯಾಂಡ್ ಹಾಕಿ ನಿಲ್ಲಿಸಿ ಮುಂದಿನ ಚಕ್ರಕ್ಕೆ ಬೀಗ ಜಡಿದೆ. ಮಗು ಪಾಪ, ಶಾಲೆಯಿಂದ ಬಂದು ಅದರ ಮೇಲೆ ಹತ್ತಿ ಕೂತು ನಿಂತಲ್ಲೇ ಪೆಡಲ್ ತಿರುಗಿಸುತ್ತಿದ್ದಳು. ಹಿಂದಿನ ಚಕ್ರ ಗಾಳಿಯಲ್ಲಿ ಜೋರಾಗಿ ತಿರುಗುತ್ತಿತ್ತು. ಎದುರು ಮನೆಯವರು, "ಎಷ್ಟು ದೂರ ಹೋದ್ಯಮ್ಮಾ ಇವತ್ತು?" ಎಂದು ಕೇಳಿ ನಗುತ್ತಿದ್ದರು. ನಾನೂ ನಗುತ್ತಿದ್ದೆ.

ಆ ವರ್ಷ ಶಾಲೆಯ ವಾರ್ಷಿಕ ಸಂಚಿಕೆಗೆ ಮಕ್ಕಳಿಂದ ಕಥೆ ಬರೆಸಿದರು. ಕನ್ನಡದ ನಸೀಮಾ ಮಿಸ್ ಶ್ರುತಿಯ ಕಥೆಯನ್ನು ಆರಿಸಿ, ಪೋಷಕರ ಒಪ್ಪಿಗೆ ಸಹಿ ಬೇಕು ಎಂದು ಮನೆಗೆ ಕಳಿಸಿದ್ದರು. ನನಗೆ ಹೆಮ್ಮೆಯಾಯಿತು. ಕಾಫಿ ಲೋಟ ಹಿಡಿದುಕೊಂಡು ಓದಲು ಕೂತೆ. ಕಥೆಯ ಮೊದಲ ವಾಕ್ಯ: "ಅಮ್ಮ ಸತ್ತು ಒಂದು ವಾರವಾಗಿತ್ತು."

ನಾನು ಮೊದಲು ಮಾಡಿದ್ದು ಅಳುವುದಲ್ಲ. ಅಭ್ಯಾಸಬಲ, ಪೆನ್ಸಿಲು ತೆಗೆದುಕೊಂಡೆ. ಸಾವಿಗೆ ಕಾರಣ ನಮೂದಿಸಿಲ್ಲ. ಆಸ್ಪತ್ರೆಯ ಕಾಗದವಿಲ್ಲ. ಸತ್ತವಳ ವಯಸ್ಸಿಲ್ಲ, ಆದರೆ ಅವಳಿಗೆ ಹಸಿರು ಸ್ವೆಟರ್ ಇತ್ತು, ನನ್ನದೇ ಸ್ವೆಟರ್. ಕಥೆಯೇನೆಂದರೆ, ಆ ಹುಡುಗಿ ಅಮ್ಮನ ಫೋಟೋಗೆ ಹಾರ ತರಲು ಒಬ್ಬಳೇ ಬಸ್ಸು ಹತ್ತಿ ಶಿವಾಜಿನಗರಕ್ಕೆ ಹೋಗುತ್ತಾಳೆ. ಕಿಟಕಿ ಪಕ್ಕ ಕೂತು ಕೈ ಹೊರಗೆ ಹಾಕುತ್ತಾಳೆ. ರಸೆಲ್ ಮಾರ್ಕೆಟ್ಟಿನಲ್ಲಿ ಹೂವಿನವಳ ಜೊತೆ ಚೌಕಾಸಿ ಮಾಡುತ್ತಾಳೆ. ದಾರಿ ತಪ್ಪಿ ಕಮರ್ಷಿಯಲ್ ಸ್ಟ್ರೀಟಿಗೆ ಬಂದಾಗ ಬಟ್ಟೆ ಅಂಗಡಿಯ ಸಾಹೇಬರು ಸ್ಟೂಲ್ ಹಾಕಿ ಕೂರಿಸಿ ಚಹಾ ಕೊಡುತ್ತಾರೆ. ಹುಡುಗಿ ಹಾರ ಹಿಡಿದು ಮನೆಗೆ ಬಂದು, ಸ್ಟೂಲ್ ಹತ್ತಿ ತಾನೇ ಫೋಟೋಗೆ ಹಾಕುತ್ತಾಳೆ. ಅಪ್ಪ ಪೇಪರ್ ಓದುತ್ತಿರುತ್ತಾರೆ. ಇಡೀ ಕಥೆಯಲ್ಲಿ ಆ ಹುಡುಗಿ ಒಂದು ಸಲವೂ ಅಳುವುದಿಲ್ಲ. ಒಂದು ಕಡೆ ಹಾಡು ಹೇಳುತ್ತಾಳೆ.

"ಇದೇನೇ ಇದು, ನನ್ನ ಯಾಕೆ ಸಾಯಿಸಿದ್ದೀಯ?" ಎಂದೆ, ತಮಾಷೆಯ ದನಿ ತಂದುಕೊಂಡು.

"ಅದು ನೀನಲ್ಲ ಅಮ್ಮ. ಕಥೆ."

"ಆಯ್ತು, ಆ ಅಮ್ಮ ಯಾಕೆ ಸತ್ತಳು?"

ಶ್ರುತಿ ಲೆಕ್ಕದ ಉತ್ತರ ಒಪ್ಪಿಸುವಷ್ಟೇ ಸರಳವಾಗಿ ಹೇಳಿದಳು. "ಅಮ್ಮ ಇದ್ರೆ ಅವಳು ಬಸ್ ಹತ್ತೋಕೇ ಆಗಲ್ಲ. ಕಥೆ ಮುಂದಕ್ಕೇ ಹೋಗಲ್ಲ."

"ಮತ್ತೆ ಅಪ್ಪ?"

"ಅಪ್ಪ ಇದ್ರೆ ಏನೂ ತೊಂದ್ರೆ ಇಲ್ಲ."

ನಮ್ಮವರಿಗೆ ನನ್ನ ಸಾವಿಗಿಂತ ಈ ಮಾತೇ ಹೆಚ್ಚು ನಾಟಿತು. "ನಾನು ಇದ್ದರೂ ಒಂದೇ ಇಲ್ಲದಿದ್ದರೂ ಒಂದೇ ಅಂತ ತಾನೇ ಅರ್ಥ?" ಎಂದು ಊಟದ ಹೊತ್ತಿನವರೆಗೂ ಗೊಣಗಿದರು. "ನಿನಗೆ ಹಾರವಾದರೂ ಬಂತು ಕಣೇ" ಎಂದರು.

ಕಥೆಯಲ್ಲಿ ಬಂದ ಬಟ್ಟೆ ಅಂಗಡಿಯ ಸ್ಟೂಲು, ಚಹಾ ಎಲ್ಲವೂ ನನ್ನ ಬಾಲ್ಯದ್ದೇ. ನಾನು ಬೆಳೆದದ್ದು ಹಲಸೂರಿನಲ್ಲಿ, ಆರು ಮಕ್ಕಳಲ್ಲಿ ನಾಲ್ಕನೆಯವಳಾಗಿ. ನಮ್ಮಮ್ಮನಿಗೆ ಯಾವ ಮಗು ಎಲ್ಲಿದೆ ಎಂಬುದು ಊಟಕ್ಕೆ ತಟ್ಟೆ ಹಾಕಿದಾಗ ಮಾತ್ರ ಗೊತ್ತಾಗುತ್ತಿತ್ತು. ಶುಕ್ರವಾರದ ಪೂಜೆಗೆ ಹೂ ತರಲು ಎಂಟು ವರ್ಷದ ನನ್ನನ್ನು ಒಬ್ಬಳನ್ನೇ ಶಿವಾಜಿನಗರಕ್ಕೆ ಅಟ್ಟುತ್ತಿದ್ದಳು. ಒಂದು ದಿನ ದಾರಿ ತಪ್ಪಿ ಕಮರ್ಷಿಯಲ್ ಸ್ಟ್ರೀಟಿನಲ್ಲಿ ಅಳುತ್ತಾ ನಿಂತಿದ್ದೆ. ಅಂಗಡಿಯ ಸಾಹೇಬರೊಬ್ಬರು "ರೋ ನಕ್ಕೊ ಬೇಟಿ" ಎಂದು ಕಣ್ಣೊರೆಸಿ, ಚಹಾ ಕುಡಿಸಿ, ಬಸ್ಸಿನ ಕಂಡಕ್ಟರಿಗೆ ಒಪ್ಪಿಸಿದರು. ದೀಪ ಹಚ್ಚುವ ಹೊತ್ತಿಗೆ ಮನೆ ಸೇರಿದೆ. ಬಾಗಿಲಲ್ಲಿ ಅಮ್ಮ ನನ್ನನ್ನು ನೋಡಿ ಕೇಳಿದ್ದು ಒಂದೇ ಮಾತು, "ಹೂವಿನ ಚೀಲ ಎಲ್ಲೇ?" ನನಗೆ ಮಗುವಾದರೆ ಕಣ್ಣ ರೆಪ್ಪೆಯ ಹಾಗೆ ಕಾಯುತ್ತೇನೆ ಎಂದು ನಾನು ಅವತ್ತೇ ತೀರ್ಮಾನಿಸಿದ್ದೆ. ಈ ಗೋಳನ್ನು ಶ್ರುತಿಗೆ ನೂರು ಸಲ ಹೇಳಿದ್ದೇನೆ, ನಿನ್ನ ಅದೃಷ್ಟ ನೋಡು ಎಂಬರ್ಥದಲ್ಲಿ. ಅವಳು ಅದನ್ನು ಸಾಹಸದ ಕಥೆಯೆಂದು ಕೇಳಿಸಿಕೊಂಡಿದ್ದಳು.

ಮಾರನೆಯ ದಿನ ನಾನು ಸಣ್ಣತನ ಮಾಡಿದೆ. ಸಹಿ ಹಾಕಬೇಕಾದರೆ ಅಮ್ಮನನ್ನು ಬದುಕಿಸಿ ಬರೆ ಎಂದೆ. ಶ್ರುತಿ ಎದುರು ಮಾತಾಡುವ ಮಗುವಲ್ಲ, ಹಾಗೆ ಬೆಳೆಸಿರಲಿಲ್ಲ. ಹತ್ತು ನಿಮಿಷದಲ್ಲಿ ಬರೆದು ತಂದಳು. "ಒಂದು ಹುಡುಗಿ ಇದ್ದಳು. ಅವಳಿಗೆ ಒಬ್ಬಳೇ ಬಸ್ಸಿನಲ್ಲಿ ಹೋಗಬೇಕೆಂದು ಆಸೆಯಾಯಿತು. ಅಮ್ಮ ಬೇಡ ಎಂದಳು. ಹುಡುಗಿ ಹೋಗಲಿಲ್ಲ. ಅಮ್ಮ ಚೆನ್ನಾಗಿದ್ದಾಳೆ."

ಎರಡು ಹಾಳೆಗಳನ್ನೂ ಹಿಡಿದುಕೊಂಡು, ಅರ್ಧ ದಿನ ರಜೆ ಹಾಕಿ ನಸೀಮಾ ಮಿಸ್ಸನ್ನು ನೋಡಲು ಹೋದೆ. ಮಗಳು ಇಂಥದ್ದನ್ನೆಲ್ಲ ಬರೆಯಬಾರದು ಎಂದು ಅವರೇ ಹೇಳಿದರೆ ನನ್ನ ಮರ್ಯಾದೆ ಉಳಿಯುತ್ತದೆ ಎಂಬುದು ನನ್ನ ಲೆಕ್ಕ. ಅವರು ಶಿವಾಜಿನಗರದ ಹೆಂಗಸು, ಮನೆಯಲ್ಲಿ ದಖನಿ ಉರ್ದು ಮಾತಾಡುವವರು. ಅವರ ಕನ್ನಡ ನನ್ನ ಕನ್ನಡಕ್ಕಿಂತ ಚೆನ್ನಾಗಿತ್ತು. ಎರಡನ್ನೂ ಓದಿ ಕನ್ನಡಕ ತೆಗೆದರು.

"ನೋಡಿ ಶ್ರುತಿ ಅಮ್ಮ, ಮಕ್ಕಳು ಕಥೇಲಿ ಅಪ್ಪ ಅಮ್ಮನ್ನ ಸಾಯಿಸ್ತಾರೆ. ಅದು ನಂಗೆ ಹೊಸದಲ್ಲ. ನನ್ನ ಮಗನೇ ಎರಡು ಸಲ ನನ್ನ ಸಾಯ್ಸಿದಾನೆ, ಒಂದು ಸಲ ಹುಲಿ ಕೈಲಿ. ನಿಮ್ಮ ಮಗಳ ಮೊದಲನೇ ಕಥೆ ಓದಿದಾಗ ನಂಗೇನೂ ಅನ್ನಿಸ್ಲಿಲ್ಲ. ಈ ಎರಡನೇದು ಓದಿ ಭಯ ಆಯ್ತು ರೀ." ಹಾಳೆಗಳನ್ನು ನನ್ನ ಕಡೆ ಸರಿಸಿ ಕೇಳಿದರು, "ಆಟದ ಪೀರಿಯಡ್‌ನಲ್ಲಿ ಅವಳು ಎಲ್ಲಿರ್ತಾಳೆ ಗೊತ್ತಾ ನಿಮ್ಗೆ?"

ಗೊತ್ತಿರಲಿಲ್ಲ. ಅವಳು ಮೆಟ್ಟಿಲ ಮೇಲೆ ಕೂತು ಉಳಿದವರ ಚಪ್ಪಲಿ, ನೀರಿನ ಬಾಟಲಿ ಕಾಯುತ್ತಾಳಂತೆ. ಯಾರಾದರೂ ಓಡಿದರೆ "ನಿಧಾನ, ಬೀಳ್ತೀರ" ಅನ್ನುತ್ತಾಳಂತೆ. ಮಕ್ಕಳು ಅವಳಿಗೆ ಅಜ್ಜಿ ಎಂದು ಹೆಸರಿಟ್ಟಿದ್ದಾರಂತೆ. ನಾನು ತಲೆ ತಗ್ಗಿಸಿ, ಮೊದಲನೆಯ ಕಥೆಗೆ ಸಹಿ ಹಾಕಿಕೊಟ್ಟೆ. ನನ್ನ ಇಷ್ಟು ವರ್ಷದ ಸರ್ವೀಸಿನಲ್ಲಿ ತಮ್ಮ ಮರಣದ ಕಾಗದಕ್ಕೆ ಸತ್ತವರೇ ಸಹಿ ಹಾಕಿದ್ದು ನಾನು ಕಂಡಿಲ್ಲ. ಮನೆಗೆ ಬರುವ ದಾರಿಯಲ್ಲಿ ಮಾತ್ರ ಚೆನ್ನಾಗಿ ಅತ್ತೆ.

ಆ ಶನಿವಾರ ಶ್ರುತಿಯ ಕೈಗೆ ಚೀಲ, ಚಿಲ್ಲರೆ ಕೊಟ್ಟು, "ಒಬ್ಳೇ ಹೋಗಿ ರಸೆಲ್ ಮಾರ್ಕೆಟ್ಟಿಂದ ಹೂ ತಗೊಂಡ್ ಬಾ" ಎಂದೆ. ನಮ್ಮವರು ಪೇಪರ್ ಕೆಳಗಿಟ್ಟು ನನ್ನ ಹಣೆ ಮುಟ್ಟಿ ನೋಡಿದರು. ಬಸ್ ಸ್ಟಾಪಿನವರೆಗೆ ನಾನೇ ಹೋದೆ. ಹಿಂದೆ ಹಿಂದೆ ಆಟೋದಲ್ಲಿ ಹೋಗಬಾರದು ಎಂದು ದೇವರ ಮುಂದೆ ಆಣೆ ಮಾಡಿದ್ದೆ. ಬಸ್ಸು ಬಂತು. ಶ್ರುತಿ ಹತ್ತಲಿಲ್ಲ. "ರಷ್ ಇದೆ, ಇನ್ನೊಂದು ಬರುತ್ತೆ" ಎಂದಳು. ಇನ್ನೊಂದು ಬಂತು, ಅರ್ಧ ಖಾಲಿ. ಅವಳು ಡ್ರೈವರಿನ ಮುಖವನ್ನೇ ನೋಡುತ್ತಾ ನಿಂತಳು. ಕಂಡಕ್ಟರ್ "ಬರ್ತೀಯೇನಮ್ಮಾ?" ಎಂದು ಕೇಳಿ ಸೀಟಿ ಊದಿದ. ಮೂರನೆಯದೂ ಹೋಯಿತು.

"ಹೋಗು ಪುಟ್ಟಿ, ನಾನೇ ಹೇಳ್ತಿದೀನಲ್ಲ" ಎಂದೆ.

"ಬೇಡ ಅಮ್ಮ. ಬ್ರೇಕ್ ಫೇಲ್ ಆದ್ರೆ? ನಾನು ಬರೋಷ್ಟ್ರಲ್ಲಿ ನಿಂಗೇನಾದ್ರೂ ಆದ್ರೆ?"

"ಕಥೇಲಿ ಆ ಹುಡುಗಿ ಹೋದಳಲ್ಲ?"

"ಆ ಹುಡುಗಿಗೆ ಇದನ್ನೆಲ್ಲ ಯಾರೂ ಹೇಳ್ಕೊಟ್ಟಿರ್ಲಿಲ್ಲ" ಎಂದು ಹೇಳಿ ಶ್ರುತಿ ನನ್ನ ಕೈ ಹಿಡಿದುಕೊಂಡಳು. ಹನ್ನೆರಡು ವರ್ಷದ ಹುಡುಗಿಯ ಕೈ, ತಣ್ಣಗೆ ಬೆವತಿತ್ತು.

ನಾನು ಓದಿದ ಯಾವ ಕಾದಂಬರಿಯ ತಾಯಿಯಾದರೂ ಇಂಥ ಹೊತ್ತಿನಲ್ಲಿ ಕುಸಿದು ಕೂರುತ್ತಿದ್ದಳು, ಇಲ್ಲವೇ ಮಗಳನ್ನು ಮುಂದಿನ ಬಸ್ಸಿಗೆ ನೂಕಿ ಬೆನ್ನು ತಿರುಗಿಸುತ್ತಿದ್ದಳು. ನನ್ನ ಕೈಯಿಂದ ಒಂದು ಮಗು ಹಾಳಾಗಿದೆ ಎಂದು ಅಲ್ಲಿ ನಿಂತಲ್ಲೇ ನನಗೆ ಸ್ಪಷ್ಟವಾಗಿ ತಿಳಿಯಿತು. ತಿಳಿದೂ, ಆ ಪುಟ್ಟ ಕೈ ಮುಷ್ಟಿಯೊಳಗೆ ಸೇರಿದ್ದೇ ತಡ, ನನ್ನ ಎದೆ ಹಗುರಾಗಿಬಿಟ್ಟಿತು. ನಿಮ್ಮ ಹತ್ತಿರ ಸುಳ್ಳು ಯಾಕೆ ಹೇಳಲಿ, ಖುಷಿಯಾಯಿತು. ನಾಲ್ಕನೆಯ ಬಸ್ಸು ಬರುವುದು ದೂರದಲ್ಲಿ ಕಾಣುತ್ತಿತ್ತು, ನಾನೇ ಅವಳನ್ನು ಎಳೆದುಕೊಂಡು ಬೇಗ ಬೇಗ ಮನೆ ಕಡೆ ಹೊರಟೆ. ಬಂದವಳೇ ಕೇಸರಿಬಾತಿಗೆ ರವೆ ಹುರಿಯಲು ಇಟ್ಟೆ. ನಮ್ಮವರು ಒಳಗೆ ಇಣುಕಿ, "ಏನು ವಿಶೇಷ?" ಎಂದರು. ಏನಿಲ್ಲ ಎಂದೆ.